ಊರಿನ ಹೆಸರು ಹೊತ್ತ ತಟ್ಟೆ: ವಿದ್ಯಾನಗರದ ದೋಸೆ, ಬಾಲಿಯ ಅನ್ನ

ಬೆಂಗಳೂರಿನ ಬಡಾವಣೆಗಳಲ್ಲಿ, ಹೆದ್ದಾರಿ ಬದಿಯ ಊರುಗಳಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಈಗ ಎಲ್ಲೆಲ್ಲೂ ಕಾಣುತ್ತದೆ. ಜಗತ್ತಿನ ದೊಡ್ಡ ನಗರಗಳಲ್ಲಿ ಬಾಲಿ ದ್ವೀಪದ ಹೆಸರು ಹೊತ್ತ ಹೋಟೆಲುಗಳೂ ಹೀಗೆಯೇ ಹಬ್ಬಿವೆ. ಇತ್ತ ದಾವಣಗೆರೆಯ ವಿದ್ಯಾನಗರದಂಥ ಬಡಾವಣೆಯ ಮನೆಗಳಿಗೆ ಬಾಲಿ ಈಗ ದೂರದ ಹೆಸರೇನಲ್ಲ. 2024ರಲ್ಲಿ ಬೆಂಗಳೂರಿನಿಂದ ಅಲ್ಲಿನ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾದ ಮೇಲೆ ಹೊಸದಾಗಿ ಮದುವೆಯಾದವರ ಪ್ರವಾಸದ ಪಟ್ಟಿಯಲ್ಲಿ ಅದು ಮೇಲಕ್ಕೇರಿದೆ. ಹೋಗಿ ಬಂದವರು ಕಡಲು, ಗುಡಿ, ಗದ್ದೆಗಳ ಫೋಟೊ ತೋರಿಸುತ್ತಾರೆ. ಊಟದ ಮಾತು ಬಂದಾಗ ಮಾತ್ರ ‘ಅನ್ನ ಇತ್ತು, ಖಾರ ಇತ್ತು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ.

ಊರಿನ ಹೆಸರು ಹೊತ್ತ ತಿನಿಸು ರುಚಿಯಾಗಿದ್ದರಷ್ಟೇ ಸಾಲದು, ಆ ಊರನ್ನೂ ಅದು ನಮಗೆ ತಿಳಿಸಿಕೊಡಬೇಕು. ಎಲ್ಲಿಯ ನೀರಿನಿಂದ, ಯಾವ ಗದ್ದೆಯಿಂದ, ಯಾರ ದುಡಿಮೆಯಿಂದ ಅದು ನಮ್ಮ ಎದುರು ಬಂತು ಎಂಬ ಪ್ರಶ್ನೆಯನ್ನು ಬಾಲಿಯ ಅನ್ನದ ತಟ್ಟೆಗೂ ಕೇಳಬಹುದು, ದಾವಣಗೆರೆಯ ದೋಸೆಗೂ ಕೇಳಬಹುದು. ಮನೆಯ ಹತ್ತಿರದ್ದರಿಂದಲೇ ಶುರು ಮಾಡೋಣ.

ನಾಟಕದ ಥಿಯೇಟರ್ ಎದುರಿನ ಒಲೆ

ದಾವಣಗೆರೆ ಹಿಂದಿನಿಂದಲೂ ವ್ಯಾಪಾರದ ಊರು. ಹೈದರಾಲಿ ಈ ಊರನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ವರ್ತಕರು ಇಲ್ಲಿ ಬಂದು ನೆಲೆಸಿದರು ಎಂದು ಚರಿತ್ರೆ ಹೇಳುತ್ತದೆ. ಮುಂದೆ ಹತ್ತಿ ವ್ಯಾಪಾರ ಬೆಳೆಯಿತು, ರೈಲು ಬಂತು, ಇಪ್ಪತ್ತನೆಯ ಶತಮಾನದಲ್ಲಿ ಬಟ್ಟೆ ಗಿರಣಿಗಳು ಎದ್ದವು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಅಂಟಿಕೊಂಡದ್ದು ಆಗಲೇ. ಪಕ್ಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಪಾಳಿ ಮುಗಿಸಿ ಹೊರಬರುವ ಕಾರ್ಮಿಕ, ಸಂತೆಗೆ ಬಂದ ರೈತ, ಅಡತಿ ಅಂಗಡಿಯ ಗುಮಾಸ್ತ, ಹಮಾಲಿ ಇವರಿಗೆಲ್ಲ ಕಡಿಮೆ ದುಡ್ಡಿಗೆ, ಬೇಗ ಕೈಗೆ ಸಿಗುವ, ಹೊಟ್ಟೆ ತುಂಬಿಸುವ ತಿಂಡಿ ಬೇಕಿತ್ತು.

ಇದೇ ಊರು ವೃತ್ತಿ ರಂಗಭೂಮಿಯ ಬೀಡೂ ಆಗಿತ್ತು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿ ಇಲ್ಲಿಯದು, ಅವರ ಮಗಳು ಚಿಂದೋಡಿ ಲೀಲಾ ಅದನ್ನು ನಾಡಿನ ಉದ್ದಗಲಕ್ಕೂ ಕೊಂಡೊಯ್ದರು. ಕಂಪನಿ ನಾಟಕ ರಾತ್ರಿಯೆಲ್ಲ ನಡೆಯುತ್ತಿತ್ತು. ನೋಡಲು ಬಂದವರಿಗೆ ನಡುವೆ ಹಸಿವಾಗುತ್ತಿತ್ತು, ಹಾಗಾಗಿ ಥಿಯೇಟರಿನ ಎದುರು ಒಲೆ ಹೂಡಿದವರಿಗೆ ಗಿರಾಕಿಗಳ ಕೊರತೆ ಇರಲಿಲ್ಲ.

ಬೆಣ್ಣೆ ದೋಸೆಯ ಹುಟ್ಟಿನ ಬಗ್ಗೆ ಊರು ಹೇಳಿಕೊಂಡು ಬಂದ ಕಥೆಯೂ ಇಂಥ ಒಂದು ಒಲೆಯದೇ. 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಎಂಬ ಹೆಣ್ಣುಮಗಳು ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದಳು. ವಸಂತ ಟಾಕೀಸ್ ಬಳಿಯ ಸಾವಳಗಿ ನಾಟಕ ಥಿಯೇಟರಿನ ಎದುರು ರಾಗಿ ದೋಸೆ ಹುಯ್ದು ಮಾರಿದಳು. ಹತ್ತು ವರ್ಷಗಳ ಮೇಲೆ ಅವಳ ಮಕ್ಕಳು ರಾಗಿಯ ಬದಲು ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟಿಗೆ ತಿರುಗಿದರು, ಮೇಲೆ ಬೆಣ್ಣೆ ಹಾಕಿದರು. ಶಾಂತಪ್ಪ, ಮಹಾದೇವಪ್ಪ ಎಂಬ ಆ ಮಕ್ಕಳ ಹೆಸರು ಹಳಬರ ಬಾಯಲ್ಲಿ ಇಂದಿಗೂ ಇದೆ.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಚೆನ್ನಮ್ಮ. ಅರಮನೆಯ ಅಡುಗೆಮನೆಯಿಂದ ಬಂದ ತಿನಿಸುಗಳಿಗೆ ರಾಜರ ಹೆಸರಿನ ಬೆಂಬಲವಿರುತ್ತದೆ, ಗುಡಿಯಿಂದ ಬಂದವಕ್ಕೆ ದೇವರ ಹೆಸರಿನ ಬೆಂಬಲವಿರುತ್ತದೆ. ದಾವಣಗೆರೆಯ ತಿಂಡಿಗೆ ಇರುವುದು ಬೀದಿಯಲ್ಲಿ ಕೂತು ಮಕ್ಕಳನ್ನು ಸಾಕಿದ ಹೆಂಗಸಿನ ಹೆಸರು. ದುಡಿಯುವವರಿಗಾಗಿ ದುಡಿಯುವವರೇ ಕಟ್ಟಿದ ರುಚಿ ಇದು. ಇದೇ ಊರು ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು 1978, 1983 ಮತ್ತು 1985ರಲ್ಲಿ ಸತತವಾಗಿ ವಿಧಾನಸಭೆಗೆ ಕಳಿಸಿತು. ಅದನ್ನು ನೆನೆದರೆ ಇಲ್ಲಿನ ಹೋಟೆಲುಗಳ ಬೆಂಚುಗಳ ಮೇಲೆ ಯಾರು ಕೂರುತ್ತಿದ್ದರು ಎಂಬುದು ಅರ್ಥವಾಗುತ್ತದೆ.

ಹಂಚಿನ ಮೇಲೆ ನಡೆಯುವುದೇನು?

ದಾವಣಗೆರೆ ದೋಸೆ ಮಸಾಲೆ ದೋಸೆಯಲ್ಲ. ಒಳಗೆ ಕೆಂಪು ಚಟ್ನಿ ಸವರುವುದಿಲ್ಲ, ಪಲ್ಯಕ್ಕೆ ಅರಿಸಿನ ಹಾಕುವುದಿಲ್ಲ. ಬೇಯಿಸಿ ಹಿಸುಕಿದ ಆಲೂಗಡ್ಡೆಯ ಬಿಳಿ ಪಲ್ಯ, ಹಸಿಮೆಣಸಿನಕಾಯಿ ಹಾಕಿ ರುಬ್ಬಿದ ತೆಳು ಕಾಯಿ ಚಟ್ನಿ, ಅಂಗೈಯಗಲದ ದಪ್ಪ ದೋಸೆ, ಅದರ ಮೇಲೊಂದು ಬೆಣ್ಣೆ ಮುದ್ದೆ. ಬೆಣ್ಣೆ ಬೇಡವೆಂದವರಿಗೆ ಖಾಲಿ ದೋಸೆ, ಪಲ್ಯ ಮತ್ತು ಚಟ್ನಿಪುಡಿ ಮೇಲೆಯೇ ಹರಡಿಸಿಕೊಳ್ಳುವವರಿಗೆ ಓಪನ್ ದೋಸೆ. ಪಟ್ಟಿ ಇಷ್ಟೇ. ಪಲ್ಯ, ಚಟ್ನಿಗಳನ್ನು ಇಷ್ಟು ಸಪ್ಪಗೆ ಇಟ್ಟಿರುವುದು ಬೆಣ್ಣೆಯ ಪರಿಮಳ ಮುಂದೆ ಬರಲಿ ಎಂದು.

ಹಿಟ್ಟಿನ ಗುಟ್ಟು ಮಂಡಕ್ಕಿಯಲ್ಲಿದೆ. ಮಂಡಕ್ಕಿ ಎಂದರೆ ಒಮ್ಮೆ ಬೆಂದು ಅರಳಿದ ಅಕ್ಕಿ. ಅದರೊಳಗಿನ ಪಿಷ್ಟ ಆಗಲೇ ಬಿಚ್ಚಿಕೊಂಡಿರುವುದರಿಂದ ನೀರನ್ನು ಬೇಗ ಹೀರಿ ಹಿಡಿದುಕೊಳ್ಳುತ್ತದೆ, ದೋಸೆಯ ಒಡಲು ಒಣಗದೆ ಮೆತ್ತಗಿರುತ್ತದೆ. ರಾತ್ರಿಯಿಡೀ ಹುದುಗುವಾಗ ಹಿಟ್ಟಿನಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ತಿಂದು ಆಮ್ಲವನ್ನೂ ಅನಿಲವನ್ನೂ ಬಿಡುತ್ತವೆ. ಉದ್ದಿನ ಅಂಟು ಆ ಅನಿಲವನ್ನು ಗುಳ್ಳೆಗಳಾಗಿ ಹಿಡಿದಿಡುತ್ತದೆ. ಹಂಚಿನ ಮೇಲೆ ಹುಯ್ದಾಗ ದೋಸೆಯ ಮೈತುಂಬ ಕಾಣುವ ತೂತುಗಳು ಆ ಗುಳ್ಳೆಗಳದೇ. ಕರಗಿದ ಬೆಣ್ಣೆ ಒಳಗಿಳಿಯುವುದೂ ಅದೇ ದಾರಿಯಲ್ಲಿ.

ಹಳೆಯ ಹೋಟೆಲುಗಳಲ್ಲಿ ಹಂಚು ದಪ್ಪ ಕಬ್ಬಿಣದ್ದು, ಕೆಳಗೆ ಸೌದೆ ಒಲೆ. ದಪ್ಪ ಹಂಚು ಕಾಯಲು ತಡ ಮಾಡುತ್ತದೆ. ಒಮ್ಮೆ ಕಾದರೆ ಹತ್ತಾರು ದೋಸೆಯ ತಣ್ಣನೆಯ ಹಿಟ್ಟು ಒಟ್ಟಿಗೆ ಬಿದ್ದರೂ ಬಿಸಿ ಕಳೆದುಕೊಳ್ಳುವುದಿಲ್ಲ. ಪ್ರತಿ ಸುತ್ತಿಗೆ ಮೊದಲು ಭಟ್ಟರು ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಗುಡಿಸುವುದು ಹಂಚಿನ ಮೇಲ್ಮೈಯನ್ನು ಒಂದಿಷ್ಟು ತಣಿಸುವುದಕ್ಕೆ. ಹಂಚು ಅತಿಯಾಗಿ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಕಚ್ಚಿಕೊಳ್ಳುತ್ತದೆ, ಹರಡುವುದಿಲ್ಲ. ಎಷ್ಟು ನೀರು, ಯಾವ ಹೊತ್ತಿಗೆ ಎಂಬುದನ್ನು ಭಟ್ಟರು ಚುರ್ ಎನ್ನುವ ಸದ್ದಿನಲ್ಲೇ ಅಳೆಯುತ್ತಾರೆ. ಆ ಅಳತೆ ಕೈಗೆ ಬರಲು ವರ್ಷಗಳೇ ಬೇಕು.

ಇನ್ನು ಬೆಣ್ಣೆ. ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ಕೊಬ್ಬು, ಉಳಿದದ್ದು ನೀರು ಮತ್ತು ಹಾಲಿನ ಒಂದಿಷ್ಟು ಸಾರ. ಬಿಸಿ ತಾಗಿದಾಗ ನೀರು ಆವಿಯಾಗುತ್ತದೆ, ಹಾಲಿನ ಪ್ರೋಟೀನು ಮತ್ತು ಸಕ್ಕರೆ ಕೂಡಿ ಕಂದುಗಟ್ಟುತ್ತವೆ. ಹೋಟೆಲಿಗೆ ಕಾಲಿಡುವ ಮುನ್ನವೇ ರಸ್ತೆಯಲ್ಲಿ ಮೂಗಿಗೆ ಬಡಿಯುವ ಘಮ ಅಲ್ಲಿ ಹುಟ್ಟುತ್ತದೆ. ಹೆಪ್ಪು ಹಾಕಿದ ಮೊಸರನ್ನು ಕಡೆದು ತೆಗೆದ ಬಿಳಿ ಬೆಣ್ಣೆಗೆ ಹುದುಗಿನಿಂದ ಬಂದ ಇನ್ನೊಂದು ಪರಿಮಳವೂ ಇರುತ್ತದೆ. ಡಾಲ್ಡಾ ಅಥವಾ ಮಾರ್ಗರಿನ್ ಬೆರೆಸಿದರೆ ಹೊಳಪು ಬರುತ್ತದೆ, ಘಮ ಬರುವುದಿಲ್ಲ. ದೂರದ ಊರುಗಳ ಬೋರ್ಡಿನ ಕೆಳಗೆ ಈ ದೋಸೆ ಹಲವು ಬಾರಿ ಸೋಲುವುದು ಈ ಜಾಗದಲ್ಲಿ.

ಭಟ್ಟಿಯ ಹೊಗೆಯಲ್ಲಿ ಅರಳುವ ಬಿಳುಪು

ದೋಸೆಯ ಹಿಟ್ಟಿಗೆ ಹೋಗುವ ಮಂಡಕ್ಕಿ ದಾವಣಗೆರೆಯಲ್ಲಿ ತಾನೇ ಒಂದು ಊಟ. ಸಂಜೆಯಾದರೆ ಒಗ್ಗರಣೆ ಮಂಡಕ್ಕಿ, ಹುರಿಗಡಲೆ ಪುಡಿ ಹಾಕಿ ಕಲಸಿದ ನರ್ಗಿಸ್ ಮಂಡಕ್ಕಿ, ಜೊತೆಗೆ ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿ. ನೆಂಟರು ಬಂದರೂ ಅದೇ, ಗೆಳೆಯರು ಸೇರಿದರೂ ಅದೇ, ಚುನಾವಣೆಯ ಸಭೆ ಮುಗಿದರೂ ಅದೇ.

ಇಷ್ಟು ಮಂಡಕ್ಕಿ ಬರುವುದು ಊರಿನ ಮಂಡಕ್ಕಿ ಭಟ್ಟಿಗಳಿಂದ. ಭತ್ತವನ್ನು ನೆನೆಸಿ, ಬಿಸಿ ಕೊಟ್ಟು, ಒಣಗಿಸಿ, ಹೊಟ್ಟು ತೆಗೆದು, ಸಿಕ್ಕ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕೊನೆಗೆ ಇನ್ನೂರು ಡಿಗ್ರಿ ಸೆಲ್ಸಿಯಸ್ ದಾಟಿ ಕಾದ ಮರಳಿಗೆ ಹಾಕುತ್ತಾರೆ. ಕಾಳಿನೊಳಗಿನ ಚೂರು ನೀರು ಒಮ್ಮೆಲೇ ಆವಿಯಾಗಿ ಹೊರಗೆ ನುಗ್ಗುತ್ತದೆ. ಕೆಲವೇ ಕ್ಷಣಗಳಲ್ಲಿ ಅಕ್ಕಿ ಹಲವು ಪಟ್ಟು ಉಬ್ಬಿ ಬೆಳ್ಳಗಾಗುತ್ತದೆ. ಒಂದು ಕ್ಷಣ ತಡವಾದರೆ ಕರಿಕು, ಬೇಗ ತೆಗೆದರೆ ಗಟ್ಟಿ.

ಆ ಮರಳಿನ ಮುಂದೆ ದಿನವಿಡೀ ನಿಲ್ಲುವವರಲ್ಲಿ ಮುಸ್ಲಿಂ ಕುಟುಂಬಗಳೇ ಹೆಚ್ಚು. ಹೆಂಗಸರು ಭತ್ತ ಒಣಗಿಸುತ್ತಾರೆ, ಜರಡಿ ಹಿಡಿಯುತ್ತಾರೆ, ಚೀಲ ತುಂಬುತ್ತಾರೆ. ಭಟ್ಟಿಗೆ ಹೊಟ್ಟು ಮತ್ತು ಕೈಗೆ ಸಿಕ್ಕ ಅಗ್ಗದ ಉರುವಲು ಹಾಕುವುದರಿಂದ ಹೊಗೆ ದಟ್ಟವಾಗಿ ಏಳುತ್ತದೆ. ಮೊದಲು ಆ ಹೊಗೆ ಕುಡಿಯುವವರು ಒಳಗೆ ದುಡಿಯುವವರು, ಆಮೇಲೆ ಸುತ್ತಲಿನ ಮನೆಗಳವರು. ಕೆಮ್ಮು, ಉಬ್ಬಸ, ಉರಿಗಣ್ಣು ಈ ಕಸುಬಿನ ಜೊತೆಗೇ ಬಂದಿವೆ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಮೊದಲ ಸುತ್ತಿನಲ್ಲೇ ಆಯ್ಕೆಯಾದ 20 ನಗರಗಳಲ್ಲಿ ದಾವಣಗೆರೆಯೂ ಒಂದು. ನಗರ ಮುಂದಿಟ್ಟ ಪ್ರಸ್ತಾವದಲ್ಲಿ ಮಂಡಕ್ಕಿ ಭಟ್ಟಿ ಪ್ರದೇಶವನ್ನು ಹೊಸದಾಗಿ ರೂಪಿಸುವ ಮಾತೂ ಸೇರಿತ್ತು. ಸರಿಯಾದ ಯೋಚನೆಯೇ ಅದು. ಆದರೆ ಭಟ್ಟಿ ಎಂದರೆ ಬರೀ ಕಟ್ಟಡವಲ್ಲ. ಹೊಗೆ ಕಡಿಮೆಯಾಗಬೇಕು, ಕೂಲಿ ನಿಲ್ಲಬಾರದು. ಯಂತ್ರ ಬರಬೇಕು, ಯಂತ್ರ ಕೊಳ್ಳಲಾಗದ ಸಣ್ಣ ಭಟ್ಟಿಯವನು ಬೀದಿಗೆ ಬೀಳಬಾರದು. ಇವೆರಡನ್ನೂ ಒಟ್ಟಿಗೆ ಸಾಧಿಸಿದರೆ ಮಾತ್ರ ಅದನ್ನು ಅಭಿವೃದ್ಧಿ ಎನ್ನಬಹುದು.

ಬಾಲಿಯ ತಟ್ಟೆಯನ್ನು ಓದುವುದು ಹೇಗೆ?

ಈಗ ಬಾಲಿಗೆ ಹೋಗೋಣ. ಅಲ್ಲಿ ಮನೆಮಂದಿಯೇ ನಡೆಸುವ ಸಣ್ಣ ಊಟದಂಗಡಿಗೆ ವಾರುಂಗ್ ಎನ್ನುತ್ತಾರೆ. ಅಲ್ಲಿ ಹೆಚ್ಚಾಗಿ ಸಿಗುವುದು ನಾಸಿ ಚಂಪೂರ್. ನಡುವೆ ಅನ್ನ, ಸುತ್ತ ತರಕಾರಿ, ಮೀನು ಅಥವಾ ಮಾಂಸ, ಹುರಿದ ಶೇಂಗಾ, ಖಾರದ ಸಂಬಾಲ್ ಚೂರು ಚೂರು. ಅಡುಗೆಗೆಲ್ಲ ತಾಯಿಬೇರಿನಂತಿರುವುದು ಬಾಸೆ ಗೆನೆಪ್ ಎಂಬ ರುಬ್ಬಿದ ಮಸಾಲೆ: ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಅರಿಸಿನ, ಶುಂಠಿ ಮತ್ತು ಶುಂಠಿಯ ಕುಲದ ಇನ್ನೆರಡು ಗೆಡ್ಡೆ, ಕಾಳುಮೆಣಸು, ಕೊತ್ತಂಬರಿ ಬೀಜ, ಜೊತೆಗೆ ಸೀಗಡಿಯನ್ನು ಹುದುಗಿಸಿ ಮಾಡಿದ ತೆರಾಸಿ. ಕೊಚ್ಚಿದ ಮೀನಿಗೆ ಈ ಮಸಾಲೆ ಬೆರೆಸಿ ಮಜ್ಜಿಗೆ ಹುಲ್ಲಿನ ಕಡ್ಡಿಗೆ ಮೆತ್ತಿ ಕೆಂಡದ ಮೇಲೆ ಸುಟ್ಟರೆ ಸಾತೆ ಲಿಲಿತ್. ಬಾತುಕೋಳಿಗೆ ತುಂಬಿ, ಎಲೆಯಲ್ಲಿ ಸುತ್ತಿ, ಗಂಟೆಗಟ್ಟಲೆ ಬೇಯಿಸಿದರೆ ಬೆಬೆಕ್ ಬೆತುತು. ಇಂಡೋನೇಷ್ಯಾದ ಬಹುತೇಕ ಭಾಗ ಮುಸ್ಲಿಮರದು, ಬಾಲಿಯಲ್ಲಿ ಹಿಂದೂಗಳೇ ಬಹುಸಂಖ್ಯಾತರು. ಹಾಗಾಗಿ ಉಳಿದೆಡೆ ಅಪರೂಪವಾದ ಹಂದಿ ಮಾಂಸ ಇಲ್ಲಿ ಹಬ್ಬದ ಅಡುಗೆ.

ಬಾಲಿ ಹೆಸರಿನ ಹೋಟೆಲಿನಲ್ಲಿ ಕೂತಾಗ ಮೆನು ಕಾರ್ಡನ್ನು ನಿಧಾನವಾಗಿ ನೋಡಬೇಕು. ರೆಂಡಾಂಗ್ ಇದ್ದರೆ ಅದು ಸುಮಾತ್ರಾದ್ದು, ಗಾಡೊ ಗಾಡೊ ಇದ್ದರೆ ಜಾವಾದ್ದು. ಲಾವಾರ್, ಬೆತುತು, ಸಾತೆ ಲಿಲಿತ್ ಕಂಡರೆ ಅಡುಗೆಯವರಿಗೆ ಬಾಲಿ ಗೊತ್ತಿದೆ ಎಂದು ತಿಳಿಯಬಹುದು. ಸಸ್ಯಾಹಾರಿಗಳು ತೆರಾಸಿ ಇಲ್ಲದ ಸಂಬಾಲ್ ಬೇಕೆಂದು ಮೊದಲೇ ಹೇಳಬೇಕು, ತರಕಾರಿ ಪಲ್ಯದ ಮಸಾಲೆಯಲ್ಲೂ ಅದು ಇರಬಹುದು. ಬೇಯಿಸಿದ ಸೊಪ್ಪು, ಮೊಳಕೆ ಕಾಳಿಗೆ ಮಸಾಲೆ ಹಾಕಿದ ತೆಂಗಿನ ತುರಿ ಬೆರೆಸುವ ಉರಾಬ್ ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಕೋಸಂಬರಿ ತಿಂದು ಬೆಳೆದವರಿಗೆ ಅದನ್ನು ವಿವರಿಸಬೇಕಿಲ್ಲ.

ಬಾಲಿಯ ಮನೆಗಳಲ್ಲಿ ಬೆಳಗಿನ ಅಡುಗೆಯಾದ ಮೇಲೆ ಬಾಳೆಲೆಯ ಚೂರುಗಳಲ್ಲಿ ಚಿಟಿಕೆ ಅನ್ನ, ಉಪ್ಪು, ಪಲ್ಯ ಇಟ್ಟು ಒಲೆಗೆ, ನೀರಿನ ಜಾಗಕ್ಕೆ, ಅಂಗಳಕ್ಕೆ ಅರ್ಪಿಸುತ್ತಾರೆ. ಆಮೇಲೆಯೇ ಉಣ್ಣುವುದು. ನಮ್ಮಲ್ಲಿ ಎಡೆ ಇಡುವ ಮನೆಯವರಿಗೆ ಇದು ಹೊಸತೆನಿಸದು. ಶಕ ವರ್ಷದ ಲೆಕ್ಕ ಅಲ್ಲಿಯೂ ಉಳಿದಿದೆ: 2023ರಲ್ಲಿ ನಮ್ಮ ಯುಗಾದಿಯೂ ಬಾಲಿಯ ವರ್ಷಾರಂಭವಾದ ನ್ಯೆಪಿಯೂ ಮಾರ್ಚ್ 22ರಂದೇ ಬಂದವು. ನಾವು ಅಂದು ಹೋಳಿಗೆ ಬೇಯಿಸುತ್ತೇವೆ. ಅವರು ಅಂದು ಬೆಂಕಿಯನ್ನೇ ಹೊತ್ತಿಸುವುದಿಲ್ಲ. ಅಂಗಡಿ, ಹೋಟೆಲು, ವಿಮಾನ ನಿಲ್ದಾಣ ಎಲ್ಲವೂ ಇಡೀ ದಿನ ಬಂದ್.

ಎರಡೂ ತಟ್ಟೆಯ ಕೆಳಗಿನ ನೀರು

ಬಾಲಿಯ ಅನ್ನದ ಹಿಂದೆ ಸುಬಾಕ್ ಇದೆ. ಒಂದೇ ಕಾಲುವೆಯ ನೀರುಣ್ಣುವ ರೈತರು ಕಟ್ಟಿಕೊಂಡ ಸಂಘ ಅದು, ನೀರಿನ ದೇವಸ್ಥಾನಗಳ ಸುತ್ತ ಬೆಳೆದದ್ದು. ಯಾರ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಬಿಡುವು ಎಂಬುದನ್ನು ಎಲ್ಲರೂ ಕೂಡಿ ನಿರ್ಧರಿಸುತ್ತಾರೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹುರುಪಿನಲ್ಲಿ ‘ಬಿಡುವಿಲ್ಲದೆ ಬೆಳೆಯಿರಿ’ ಎಂಬ ಒತ್ತಾಯ ಬಂತು, ದೇವಸ್ಥಾನಗಳ ವೇಳಾಪಟ್ಟಿ ಮೂಲೆಗೆ ಸರಿಯಿತು. ನೀರಿನ ಹಂಚಿಕೆ ಹಳಿ ತಪ್ಪಿತು, ಕೀಟಗಳಿಗೆ ವರ್ಷವಿಡೀ ಮೇವು ಸಿಕ್ಕಿತು. ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಬಿಡುವು ಕೊಡುವುದರಿಂದಲೇ ಕೀಟ ಹತೋಟಿಯಲ್ಲಿರುತ್ತಿತ್ತು ಎಂಬುದನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮುಂದೆ ವಿವರವಾಗಿ ತೋರಿಸಿದರು. 2012ರಲ್ಲಿ ಯುನೆಸ್ಕೊ ಸುಬಾಕ್ ಇರುವ ನೆಲವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ತಟ್ಟೆಯ ಕೆಳಗೆ ಭದ್ರೆ ಇದ್ದಾಳೆ. ಲಕ್ಕವಳ್ಳಿಯಲ್ಲಿ ಕಟ್ಟಿದ ಜಲಾಶಯದ ಪೂರ್ಣಮಟ್ಟ 186 ಅಡಿ, ಹಿಡಿಯುವ ನೀರು 71 ಟಿಎಂಸಿ ಅಡಿಗೂ ಮಿಗಿಲು. ಅಲ್ಲಿಂದ ಹರಿದ ನಾಲೆಗಳು ದಾವಣಗೆರೆ, ಹರಿಹರದ ಸುತ್ತಲಿನ ಹೊಲಗಳನ್ನು ಭತ್ತದ ಗದ್ದೆಗಳಾಗಿಸಿದವು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲದಲ್ಲಿ ನಾಟಿಯ ಹಸಿರು ಹಬ್ಬಿತು, ಅಕ್ಕಿ ಗಿರಣಿಗಳು ಎದ್ದವು, ಭಟ್ಟಿಗಳಿಗೆ ಭತ್ತ ಕೈಗೆಟುಕುವಷ್ಟು ಹತ್ತಿರವಾಯಿತು. ಆದರೆ ನಾಲೆಯ ಕೊನೆ ಭಾಗದ ರೈತರ ಗೋಳು ಹಾಗೆಯೇ ಉಳಿದಿದೆ. ಮೇಲಿನವರು ಪಂಪ್‌ಸೆಟ್ ಇಟ್ಟು ಎಳೆದುಕೊಂಡರೆ ಕೆಳಗಿನವರಿಗೆ ಮುಟ್ಟುವುದು ಕೆಸರು ಮಾತ್ರ. ಮಳೆ ಕೈಕೊಟ್ಟ ವರ್ಷ ರೈತರು ರಸ್ತೆಗೆ ಇಳಿಯುತ್ತಾರೆ.

ಸುಬಾಕನ್ನು ಹಾಗೆಯೇ ತಂದು ಇಲ್ಲಿ ನೆಡಲಾಗದು. ಅದು ಬೆಟ್ಟದ ಇಳಿಜಾರಿನ ಸಣ್ಣ ಕಾಲುವೆಗಳ ವ್ಯವಸ್ಥೆ, ನಮ್ಮದು ಸರ್ಕಾರ ಕಟ್ಟಿದ ದೊಡ್ಡ ಅಣೆಕಟ್ಟಿನದು. ಆದರೂ ಅದರಿಂದ ಕಲಿಯುವ ಪಾಠವೊಂದಿದೆ. ಮೇಲಿನವನೂ ಕೆಳಗಿನವನೂ ಒಂದೇ ಕಡೆ ಕೂತು ಸರದಿ ಒಪ್ಪಿಕೊಂಡರೆ ನೀರು ಕೊನೆಯ ಗದ್ದೆಯವರೆಗೂ ಹೋಗುತ್ತದೆ. ನಾಲೆಯ ನೀರು ಬಳಕೆದಾರರ ಸಹಕಾರ ಸಂಘಗಳು ನಮ್ಮಲ್ಲಿಯೂ ಇವೆ. ಅವುಗಳಿಗೆ ನಿಜವಾದ ಅಧಿಕಾರ ಬರಬೇಕು.

ವಿದ್ಯಾನಗರ ಮಾಡಬಹುದಾದದ್ದು

ದಾವಣಗೆರೆಯ ಗಿರಣಿಗಳು ಮುಚ್ಚಿದವು, ಹರಿಹರದ ಕಿರ್ಲೋಸ್ಕರ್ ಕೂಡ ನಿಂತಿತು. ಊರನ್ನು ಈಗ ಎತ್ತಿಹಿಡಿದಿರುವುದು ಕಾಲೇಜುಗಳು, ಆಸ್ಪತ್ರೆಗಳು, ಅಕ್ಕಿ ಮತ್ತು ಮೆಕ್ಕೆಜೋಳದ ವ್ಯಾಪಾರ. 1965ರಲ್ಲಿ ಶುರುವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರ ಬಿ.ಐ.ಇ.ಟಿ., 2009ರ ದಾವಣಗೆರೆ ವಿಶ್ವವಿದ್ಯಾನಿಲಯ ಹೊರ ಊರಿನ ಮಕ್ಕಳನ್ನು ಇಲ್ಲಿಗೆ ತಂದವು. ವಿದ್ಯಾನಗರದಂಥ ಬಡಾವಣೆಗಳು ಬೆಳೆದದ್ದು ಈ ಬದಲಾವಣೆಯ ಜೊತೆಗೇ. ಪಾಳಿ ಮುಗಿಸಿದ ಕಾರ್ಮಿಕ ಕೂತಿದ್ದ ಬೆಂಚಿನ ಮೇಲೆ ಇಂದು ಹಾಸ್ಟೆಲ್ ಹುಡುಗರು ಕೂರುತ್ತಾರೆ. ಪಿಜ್ಜಾ, ಮೊಮೊ, ಮಂದಿ ಬಿರಿಯಾನಿ ಎಲ್ಲವೂ ಹತ್ತಿರದಲ್ಲೇ ಸಿಗುತ್ತವೆ. ನಾಳೆ ನಾಸಿ ಚಂಪೂರ್ ಬಂದರೂ ಸಂತೋಷವೇ. ಹೊಸ ರುಚಿಗೆ ಬಾಗಿಲು ತೆರೆಯುವ ಊರು ಬೆಳೆಯುತ್ತದೆ. ರಾಗಿ ದೋಸೆಯನ್ನು ಬೆಣ್ಣೆ ದೋಸೆಯಾಗಿಸಿದ ಊರಿಗೆ ಬದಲಾವಣೆಯ ಭಯವಿರಬೇಕಿಲ್ಲ.

ನನ್ನ ಕಳಕಳಿ ಬೇರೆಯದು. ಬೆಣ್ಣೆ ದೋಸೆಯನ್ನು ನಾವು ಹೆಮ್ಮೆಯಿಂದ ಹೆಸರಿಸುತ್ತೇವೆ, ಅದರ ಹಿಂದಿನ ಕೈಗಳನ್ನು ಹೆಸರಿಸುವುದಿಲ್ಲ. ದೋಸೆಯ ಬೆಲೆ ಹತ್ತು ರೂಪಾಯಿ ಏರಿದರೆ ಗೊಣಗುತ್ತೇವೆ. ಆ ಹತ್ತು ರೂಪಾಯಿಯಲ್ಲಿ ಬೆಣ್ಣೆ ಕಡೆದವರಿಗೆ ಎಷ್ಟು, ಭಟ್ಟಿಯವರಿಗೆ ಎಷ್ಟು, ಕಾವಿನ ಮುಂದೆ ನಿಂತ ಭಟ್ಟರಿಗೆ ಎಷ್ಟು ಎಂದು ಕೇಳುವುದಿಲ್ಲ. ಬಾಲಿ ತನ್ನ ಗದ್ದೆ, ನೀರು, ರೈತಸಂಘಗಳನ್ನು ಜಗತ್ತಿಗೆ ತೋರಿಸಿ ಗೌರವ ಗಳಿಸಿತು. ದಾವಣಗೆರೆಗೂ ತೋರಿಸಲು ಅಷ್ಟೇ ಇದೆ. ಇಲ್ಲಿನ ಕಾಲೇಜುಗಳು ಮನಸ್ಸು ಮಾಡಿದರೆ ಕಡಿಮೆ ಹೊಗೆಯ ಭಟ್ಟಿಯನ್ನು ರೂಪಿಸಬಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ಭಟ್ಟಿ ಕಾರ್ಮಿಕರ ಎದೆ ಪರೀಕ್ಷಿಸಬಲ್ಲ ವೈದ್ಯರಿದ್ದಾರೆ, ಹಳೆಯ ಹೋಟೆಲಿನವರ ನೆನಪುಗಳನ್ನು ಬರೆದಿಡಬಲ್ಲ ಇತಿಹಾಸದ ಅಧ್ಯಾಪಕರಿದ್ದಾರೆ. ಇವರೆಲ್ಲ ಸಂಜೆ ದೋಸೆ ತಿನ್ನುವುದು ಒಂದೇ ಬೀದಿಯಲ್ಲಿ.

ಹೋಟೆಲಿನವರು ಬೋರ್ಡಿನ ಮೇಲೆ ಊರಿನ ಹೆಸರು ಬರೆಯುವಾಗ ಬೆಣ್ಣೆಯನ್ನೇ ಹಾಕುವ ಮಾತನ್ನು ಉಳಿಸಿಕೊಳ್ಳಲಿ. ನಗರಪಾಲಿಕೆ ಭಟ್ಟಿಯ ಹೊಗೆಗೆ ಪರಿಹಾರ ಹುಡುಕುವಾಗ ಭಟ್ಟಿಯವರನ್ನು ಕೂರಿಸಿಕೊಂಡೇ ಹುಡುಕಲಿ. ತಿನ್ನುವ ನಾವು ನ್ಯಾಯವಾದ ಬೆಲೆಯನ್ನು ಗೊಣಗದೆ ಕೊಡೋಣ. ಚೆನ್ನಮ್ಮನ ಒಲೆಗೆ ಈ ಊರು ತೀರಿಸಬೇಕಾದ ಋಣ ಅಷ್ಟಿದೆ.